ಮೊಣಕೈಗೆ ಬಿಡದ ಚಿಲಕ

ಪಬಿತ್ರಾ ಖವಾಸ್ ಹಾಕಿದ ಷರತ್ತು ಒಂದೇ: ಚಿಲಕಗಳನ್ನು ಆರಿಸುವವಳು ತಾನು, ಡ್ರೈವರ್ ಅಲ್ಲ.

ಮಾನೆಭಂಜಾಂಗ್ ಪೇಟೆಯ ಗಾಡಿ ಸಂಘದ ಹಲಗೆಗೋಡೆಯ ಕೋಣೆಯಲ್ಲಿ, ಹದಿನಾರು ಡ್ರೈವರುಗಳ ಎದುರಿಗೆ, ಎಡಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗಿಬಿಟ್ಟುಕೊಂಡು ಆಕೆ ಈ ಮಾತು ಹೇಳಿದಾಗ ಯಾರೂ ನಗಲಿಲ್ಲ. ಮೇಲಿನ ಹಳ್ಳಿಗಳಿಗೆಲ್ಲ ಆಕೆಯೊಬ್ಬಳೇ ನರ್ಸು. ಆಕೆಯ ಕೊರಳೆಲುಬು ಮುರಿದದ್ದು, ಬಾಗಿಲ ಚಿಲಕ ಬಿಟ್ಟುಕೊಂಡು, ಇಂದ್ರಮಾನ್ ಯೊಂಜನನ ಗಾಡಿಯಿಂದ ಬಿದ್ದು. ಶನಿವಾರ ಆಕೆ ದಡಾರದ ಲಸಿಕೆ ಹೊತ್ತು ಕಾಲಿಪೋಖ್ರಿಗೆ ಹತ್ತಲೇಬೇಕು. ಶನಿವಾರದ ಪಾಳಿ ಇಂದ್ರಮಾನನದೇ. ಆಕೆ ಅವನ ಗಾಡಿ ಹತ್ತಿದರೆ ಗಾಡಿ ಸಾಲಿನಲ್ಲಿ ಉಳಿಯುತ್ತದೆ. ಹತ್ತಲಾರೆನೆಂದರೆ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕುವುದು ಎಂದು ಸಂಘದ ಮುಖ್ಯಸ್ಥ ನೊರ್ಡೆನ್ ತೀರ್ಮಾನ ಕೊಟ್ಟ. ಒಮ್ಮೆ ಹೊಡೆದ ಹೆಸರನ್ನು ಆ ಪಟ್ಟಿಯಲ್ಲಿ ಮತ್ತೆ ಬರೆದವರಿಲ್ಲ. ನಲವತ್ತೊಂದು ವರ್ಷ ಹಳೆಯ ಆ ಲ್ಯಾಂಡ್ ರೋವರ್ ಬಿಟ್ಟರೆ ಇಂದ್ರಮಾನನಿಗೆ ಬೇರೆ ಕಸುಬು ತಿಳಿಯದು.

ಗುರುವಾರ ಬೆಳಿಗ್ಗೆ ಇಬ್ಬರೂ ಬಾಡಿಗೆ ಜೀಪಿನಲ್ಲಿ ಸಿಲಿಗುರಿಗೆ ಇಳಿದರು. ಇಂದ್ರಮಾನನ ತೊಡೆಯ ಮೇಲೆ ಮೇಣಬಟ್ಟೆಯ ಒಂದು ಗಂಟಿತ್ತು. ಪ್ರತಿ ತಿರುವಿನಲ್ಲೂ ಅವನು ಅದನ್ನು ಎರಡು ಕೈಗಳಿಂದ ಒತ್ತಿ ಹಿಡಿಯುತ್ತಿದ್ದ.

"ಅದೇನು ದಾಜು, ರೊಟ್ಟಿನಾ?" ಎಂದು ಪಬಿತ್ರಾ ಕೇಳಿದಳು; ಬೆಟ್ಟದ ಮಾತಿನಲ್ಲಿ ಅಣ್ಣನಿಗೆ ದಾಜು, ತಂಗಿಗೆ ಬಹಿನಿ. "ಅಷ್ಟು ಬಿಗಿಯಾಗಿ ಹಿಡ್ಕೊಂಡಿದೀರಿ, ನಾನೇನೂ ಕಿತ್ಕೊಳ್ಳಲ್ಲ."

"ಅಳತೆಗೆ ಒಂದು ಹಳೇ ಚಿಲಕ ತಂದಿದೀನಿ ಬಹಿನಿ."

"ನಿಮ್ಮ ಗಾಡೀದು ಬಿಚ್ಚಿದ್ದಾ?"

"ನನ್ನ ಗಾಡೀದ್ರಲ್ಲಿ ಅಳತೆ ಎಲ್ಲುಳಿದಿದೆ? ಉಜ್ಜಿ ಉಜ್ಜಿ ಸವೆದುಹೋಗಿದೆ. ಇದು ಅಪ್ಪನ ಗಾಡೀದು."

ಅಪ್ಪನ ಗಾಡಿಯ ಕಥೆ ಆ ಬೆಟ್ಟದಲ್ಲಿ ತಿಳಿಯದವರಿರಲಿಲ್ಲ.

ಮೂವತ್ತೊಂದು ವರ್ಷಗಳ ಹಿಂದೆ, ಗೈರಿಬಾಸ್ ದಾಟಿದ ಮೇಲೆ ಬರುವ ಕಟುಸ್ ಮರದ ತಿರುವಿನಲ್ಲಿ, ಗಾಡಿ ಹಿಂದಕ್ಕೆ ಜಾರಿ ಪ್ರಪಾತಕ್ಕೆ ಬಿದ್ದಿತ್ತು. ಗಾಡಿಯಲ್ಲಿದ್ದವರೆಲ್ಲ ಇಳಿದು ಬದುಕಿದರು. ಅಪ್ಪ ಒಬ್ಬನೇ ಸ್ಟಿಯರಿಂಗಿನ ಹಿಂದೆ ಸತ್ತು ಸಿಕ್ಕ. ಅವನ ಬಾಗಿಲು ಮುಚ್ಚಿಯೇ ಇತ್ತು. ಚಿಲಕ ಕಚ್ಚಿಕೊಂಡು ಬಾಗಿಲು ತೆರೆಯಲಿಲ್ಲ, ಅದಕ್ಕೇ ಹಾರಲಾಗಲಿಲ್ಲ ಎಂದು ಅಂದೇ ಊರು ತೀರ್ಮಾನಿಸಿತು. ಆ ವಾರವೇ ಡ್ರೈವರುಗಳೆಲ್ಲ ಅರ ಹಿಡಿದು ತಂತಮ್ಮ ಗಾಡಿಯ ಚಿಲಕದ ನಾಲಿಗೆಯನ್ನು ಓರೆಯಾಗಿ ಉಜ್ಜಿದರು. ಮೊಣಕೈಯಿಂದ ಒಂದು ತಿವಿತ ಕೊಟ್ಟರೆ ಸಾಕು, ಬಾಗಿಲು ಬಿಟ್ಟುಕೊಳ್ಳಬೇಕು. ಅಂದಿನಿಂದ ಅದೇ ಆ ದಾರಿಯ ನೇಮವಾಯಿತು. ಕೆಟ್ಟ ತಿರುವು ಬಂದಾಗ ಡ್ರೈವರ್ "ಬಾಗಿಲು" ಎಂದು ಕೂಗುತ್ತಾನೆ. ಒಳಗಿದ್ದವರು ಬಾಗಿಲಿಗೆ ಮೊಣಕೈ ಊರಿ, ಉಸಿರು ಹಿಡಿದು ಕೂರುತ್ತಾರೆ. ಹೊಸ ಗಾಡಿ ತಂದವನು ಮೊದಲು ಪೂಜೆ ಮಾಡಿಸಿ, ಆಮೇಲೆ ಚಿಲಕ ಉಜ್ಜುತ್ತಾನೆ. ಇಂದ್ರಮಾನ್ ಎಲ್ಲರಿಗಿಂತ ಹೆಚ್ಚು ಉಜ್ಜಿದ್ದ.

ಹಳೆಯ ಗಾಡಿ ಸಾಮಾನಿನ ಅಂಗಡಿ ಒಂದು ಓಣಿಯ ಕೊನೆಯಲ್ಲಿತ್ತು. ಅಂಗಡಿಯ ಕುಂಡು ಬಾಬು ಕಿತ್ತುಬಂದ ಕಾರಿನ ಸೀಟಿನ ಮೇಲೆ ಕಾಲು ಮಡಚಿ ಕುಳಿತಿದ್ದ; ಕನ್ನಡಕದ ಒಂದು ಕಾಲಿನ ಜಾಗದಲ್ಲಿ ದಾರವಿತ್ತು. ಅವನ ತಲೆಯ ಮೇಲೆ ತಂತಿಗಳಲ್ಲಿ ಪೋಣಿಸಿದ ಚಿಲಕಗಳು ಒಣಮೀನಿನಂತೆ ತೂಗಾಡುತ್ತಿದ್ದವು.

"ಯಾವ ವರ್ಷದ ಗಾಡಿ ದಾದಾ?"

"ಐವತ್ತೇಳು."

"ನಿಮ್ಮದು?"

"ನಾನು ನಲವತ್ತೆಂಟರಲ್ಲಿ ಹುಟ್ಟಿದವನು."

"ಹಾಗಾದ್ರೆ ಗಾಡಿ ಇನ್ನೂ ಎಳೇದು. ಅದಕ್ಕೆ ಬಿಡಿಭಾಗ ಸಿಗುತ್ತೆ," ಎಂದು ಕುಂಡು ಬಾಬು ಎದ್ದ. ಪಬಿತ್ರಾಳ ಕೈ ನೋಡಿ, "ದಿದಿಗೆ ಏನಾಯ್ತು?" ಎಂದ.

"ಇವರ ಚಿಲಕ ಆಯ್ತು," ಎಂದಳು ಆಕೆ.

ಕುಂಡು ಬಾಬು ಹಲಗೆಯ ಮೇಲೆ ಮೂರು ಬಗೆಯ ಚಿಲಕಗಳನ್ನು ಇಟ್ಟ. ಮೊದಲನೆಯದು ಆ ಗಾಡಿಯ ಮೂಲ ಜಾತಿಯದು: ಒಂದೇ ನಾಲಿಗೆ, ಒಂದು ಸ್ಪ್ರಿಂಗು, ಬೆರಳುದ್ದದ ಹಿಡಿ. ಎರಡನೆಯದು ಈಚಿನ ಜೀಪಿನದು. ನಾಲಿಗೆಯ ಬದಲು ಎರಡು ದವಡೆ, ಬಾಗಿಲ ಚೌಕಟ್ಟಿಗೆ ಕೂರಿಸಿದ ಗೂಟವನ್ನು ಅವು ಕಚ್ಚಿ ಹಿಡಿಯಬೇಕು. ಮೂರನೆಯದು ಮನೆಯ ಬಾಗಿಲಿನಂಥ ಕಬ್ಬಿಣದ ಅಗುಳಿ.

ಇಂದ್ರಮಾನನ ಕೈ ತಾನಾಗಿ ಮೊದಲನೆಯದಕ್ಕೆ ಹೋಯಿತು. ನಾಲಿಗೆಯ ಅಂಚನ್ನು ಹೆಬ್ಬೆರಳಿನಿಂದ ತಡವಿ ನೋಡಿದ.

"ಇದೇ ಆಯ್ತು. ಸ್ವಲ್ಪ ದಪ್ಪ ಇದೆ. ಇಲ್ಲೊಂದಿಷ್ಟು ಉಜ್ಜಿದ್ರೆ…"

ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವುದರೊಳಗೆ ಪಬಿತ್ರಾ ಆ ಚಿಲಕವನ್ನು ಅವನ ಕೈಯಿಂದ ತೆಗೆದು ಹಲಗೆಯ ಆಚೆ ತುದಿಗೆ ಸರಿಸಿದ್ದಳು.

"ಮತ್ತೆ ಉಜ್ಜೋದಾ?"

"ಉಜ್ಜದೆ ಕಟುಸ್ ತಿರುವು ಹತ್ತೋದು ಹೇಗೆ ಬಹಿನಿ?"

"ನಾನು ಬಿದ್ದದ್ದು ಯಾವ ತಿರುವಲ್ಲೂ ಅಲ್ಲ ದಾಜು. ತುಮ್ಲಿಂಗ್ ಹತ್ರ, ನೆಟ್ಟನೆ ದಾರೀಲಿ. ಬಾಗಿಲಿಗೆ ಒರಗಿರಲೂ ಇಲ್ಲ. ಲಸಿಕೆ ಡಬ್ಬ ತೊಡೆ ಮೇಲಿತ್ತು, ಮೇಲಿನ ಹಳ್ಳಿಯ ಅಜ್ಜಿ ಒಬ್ಬಳಿಗೆ ಬೆನ್ನುನೋವಿನ ಮಾತ್ರೆ ಒಯ್ಯೋದು ಮರೆತೆನಲ್ಲಾ ಅಂತ ಯೋಚನೆ ಮಾಡ್ತಿದ್ದೆ. ಮುಂದಿನ ಕ್ಷಣ ಚಕ್ರ ನನ್ನ ಕಿವಿ ಪಕ್ಕದಲ್ಲಿ ಹೋಯ್ತು. ನಿಮಗೆ ನಾನು ಬಿದ್ದದ್ದೂ ಗೊತ್ತಾಗ್ಲಿಲ್ಲ. ಅರ್ಧ ಫರ್ಲಾಂಗ್ ಮುಂದೆ ಹೋಗಿ ನಿಲ್ಸಿದ್ರಿ."

"ಗಾಡಿ ಸದ್ದಲ್ಲಿ ಕೇಳಿಸಲಿಲ್ಲ."

"ಅದೇ ಹೇಳ್ತಿರೋದು. ನಿಮ್ಮ ಚಿಲಕ ಬಿಟ್ಟುಕೊಂಡದ್ದು ನಿಮಗೇ ಕೇಳಿಸಲ್ಲ."

ಇಂದ್ರಮಾನನ ಮುಖ ಗಂಟಿಕ್ಕಿತು. "ನೋಡಿ ಬಹಿನಿ, ತಪ್ಪು ನನ್ನದೇ, ನೂರು ಸಲ ಹೇಳಿದೀನಿ. ಆದ್ರೆ ಮುರಿದ ಎಲುಬು ಕೂಡುತ್ತೆ. ಕಚ್ಚಿಕೊಂಡ ಬಾಗಿಲ ಹಿಂದೆ ಸಿಕ್ಕಿಹಾಕ್ಕೊಂಡವನು ಎದ್ದುಬರಲ್ಲ."

ಇಬ್ಬರ ನಡುವಿನ ಬಿಸಿ ತಗ್ಗಿಸಲೆಂಬಂತೆ ಕುಂಡು ಬಾಬು ಎರಡನೆಯ ಚಿಲಕ ಎತ್ತಿ, ಅದರ ದವಡೆಗಳ ನಡುವೆ ಸ್ಕ್ರೂ ಡ್ರೈವರಿನ ದಂಡವನ್ನು ಒತ್ತಿದ. ಟಕ್, ಟಕ್ ಎಂದು ಎರಡು ಸದ್ದಾಯಿತು.

"ಕೇಳಿಸಿತಾ? ಮೊದಲ ಸಲಕ್ಕೆ ಅರ್ಧ ಹಿಡಿತ, ಎರಡನೇ ಸಲಕ್ಕೆ ಪೂರ್ತಿ. ಒಂದು ಹಲ್ಲು ಜಾರಿದ್ರೂ ಇನ್ನೊಂದು ಬಿಡಲ್ಲ. ತೆರೀಬೇಕಂದ್ರೆ ಹಿಡಿಯನ್ನ ಕೊನೇತನಕ ಎಳೀಬೇಕು. ಗುದ್ದಿದ್ರೆ, ಒದ್ರೆ, ಮಾವ ಬಂದು ಬಡಿದ್ರೂ ಬಿಡಲ್ಲ."

ಇಂದ್ರಮಾನ್ ಆ ಚಿಲಕವನ್ನು ಹಲಗೆಗೆ ಒತ್ತಿಟ್ಟು ಮೊಣಕೈಯಿಂದ ತಿವಿದ. ಮತ್ತೆ ತಿವಿದ. ಸ್ಕ್ರೂ ಡ್ರೈವರ್ ಅಲುಗಲಿಲ್ಲ.

"ಇದು ಚಿಲಕ ಅಲ್ಲ, ಬೋನು," ಎಂದ.

"ಸರಿ, ಅಳತೆ ಆದ್ರೂ ನೋಡೋಣ. ಆ ಗಂಟು ಕೊಡಿ," ಎಂದು ಕುಂಡು ಬಾಬು ಕೈ ಚಾಚಿದ.

ಕೊಡಲು ಇಂದ್ರಮಾನನಿಗೆ ತುಸು ಹೊತ್ತು ಹಿಡಿಯಿತು. ಹೆಣ ಮೇಲೆ ತಂದ ದಿನವೇ ಒಬ್ಬ ಮಿಸ್ತ್ರಿ ಆ ಬಾಗಿಲಿನಿಂದ ಬಿಚ್ಚಿಕೊಟ್ಟ ಚಿಲಕಕ್ಕೆ ಅವನ ತಾಯಿ ಗ್ರೀಸು ಮೆತ್ತಿ, ಬಟ್ಟೆ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದಳು. ತಾಯಿ ಸತ್ತ ಮೇಲೂ ಅವನು ಆ ಗಂಟು ಬಿಚ್ಚಿರಲಿಲ್ಲ. ಗಂಡನನ್ನು ಕೊಂದ ವಸ್ತುವನ್ನು ಯಾಕೆ ಇಟ್ಟುಕೊಂಡೆ ಎಂದು ತಾಯಿಯನ್ನು ಕೇಳುವ ಧೈರ್ಯವೂ ಅವನಿಗೆ ಎಂದೂ ಬಂದಿರಲಿಲ್ಲ.

ಕುಂಡು ಬಾಬು ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯ ಚಿಂದಿಯಿಂದ ಒರೆಸಿ, ಚಿಲಕವನ್ನು ವೈಸಿಗೆ ಕಚ್ಚಿಸಿ, ಹಿಡಿ ಎಳೆದ. ನಾಲಿಗೆ ಸರ್ರನೆ ಒಳಗೆ ಹೋಯಿತು. ಬಿಟ್ಟ, ಚಟ್ಟನೆ ಹೊರಗೆ ಬಂತು. ಇನ್ನೊಮ್ಮೆ ಎಳೆದ, ಬಿಟ್ಟ.

"ಇಂಥ ಮಾಲು ಮನೇಲಿಟ್ಟುಕೊಂಡು ನನ್ನ ಅಂಗಡಿಗೆ ಯಾಕೆ ಬಂದ್ರಿ?"

"ಅದು ಕಚ್ಚಿಕೊಂಡ ಚಿಲಕ," ಎಂದ ಇಂದ್ರಮಾನ್.

"ಯಾರು ಹೇಳಿದ್ದು?"

"ಎಲ್ಲರೂ."

"ಎಲ್ಲರೂ ಚಿಲಕ ರಿಪೇರಿ ಮಾಡ್ತಾರಾ?" ಕುಂಡು ಬಾಬು ಕನ್ನಡಕದ ದಾರವನ್ನು ಕಿವಿಗೆ ಇನ್ನೊಂದು ಸುತ್ತು ಹಾಕಿದ. "ಮೂವತ್ತು ವರ್ಷದಿಂದ ಇದೇ ನನ್ನ ಅನ್ನ. ಕಚ್ಚಿಕೊಂಡ ಚಿಲಕ ಬಿಡಿಸೋಕೆ ಹಾರೆ ಹಾಕಿ ಮೀಟಬೇಕು. ನಾಲಿಗೆ ಅಂಚು ಒಡೆಯುತ್ತೆ, ತಗಡು ಸೊಟ್ಟಗಾಗುತ್ತೆ. ಇಲ್ಲಿ ನೋಡಿ. ಅಂಚು ಹೊಸದರ ಹಾಗೆ ಚೌಕವಾಗಿದೆ. ತಗಡು ನೆಟ್ಟಗಿದೆ. ಸ್ಪ್ರಿಂಗು ನನಗಿಂತ ಗಟ್ಟಿಯಾಗಿದೆ. ಇದನ್ನ ತೆಗೆದವರು ಬಾಗಿಲು ತೆರೆದಿಟ್ಟು, ನಿಧಾನಕ್ಕೆ ಸ್ಕ್ರೂ ಬಿಚ್ಚಿದಾರೆ."

"ಆಮೇಲೆ ಯಾರಾದ್ರೂ ಸರಿಮಾಡಿರಬಹುದು."

"ಆಮೇಲೆ ಅಂದ್ರೆ ಯಾವಾಗ?" ಎಂದಳು ಪಬಿತ್ರಾ. "ನಿಮ್ಮಮ್ಮ ಅವತ್ತೇ ಕಟ್ಟಿಟ್ಟಿದ್ದಲ್ವಾ? ಊರಲ್ಲಿ ಎಲ್ಲರೂ ಹಾಗೇ ಹೇಳ್ತಾರೆ."

ಆಕೆ ರೋಗಿಯನ್ನು ವಿಚಾರಿಸುವ ದನಿಯಲ್ಲಿ, ಒಂದೊಂದಾಗಿ ಕೇಳತೊಡಗಿದಳು.

"ಅವತ್ತು ಗಾಡೀಲಿ ಎಷ್ಟು ಜನ ಇದ್ರು?"

"ಅಪ್ಪನ್ನ ಬಿಟ್ಟು ನಾಲ್ವರು."

"ನಾಲ್ವರೂ ಎಲ್ಲಿಂದ ಇಳಿದ್ರು?"

"ಹಿಂದಿನ ಬಾಗಿಲಿಂದ. ಒಬ್ಬೊಬ್ಬರಾಗಿ."

"ಅಷ್ಟು ಹೊತ್ತು ಗಾಡಿ ನಿಂತಿತ್ತಾ?"

"ನಿಂತಿತ್ತು. ಕೊನೆಯವನು ಇಳಿದ ಮೇಲೆ ಅಂಚು ಕುಸಿದು ಹೋಯ್ತು ಅಂತಾರೆ."

"ಹ್ಯಾಂಡ್‌ಬ್ರೇಕ್ ಮೇಲೆ ನಿಂತಿತ್ತಾ?"

"ನಮ್ಮ ಗಾಡೀಲಿ ಹ್ಯಾಂಡ್‌ಬ್ರೇಕ್ ಇರೋದು ಟೋಪಿ ನೇತುಹಾಕೋಕೆ ಬಹಿನಿ," ಎಂದ ಇಂದ್ರಮಾನ್, ರೂಢಿಯಿಂದ. ಸಂಘದ ಡ್ರೈವರುಗಳೆಲ್ಲ ದಿನಾ ಆಡುವ ಹಾಸ್ಯ ಅದು.

"ಹಾಗಾದ್ರೆ ಬ್ರೇಕ್ ಮೇಲೆ ಯಾರ ಕಾಲಿತ್ತು ದಾಜು?"

ಓಣಿಯಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಇಂದ್ರಮಾನ್ ಆಕೆಯನ್ನು, ವೈಸಿನಲ್ಲಿ ಕಚ್ಚಿದ ಚಿಲಕವನ್ನು, ಮತ್ತೆ ಆಕೆಯನ್ನು ನೋಡಿದ.

"ಚಿಲಕ ಆರಿಸೋಕೆ ಬಂದಿದೀರಿ, ಅದನ್ನ ಆರಿಸಿ," ಎಂದ. "ಸತ್ತವರ ಕಾಲಿನ ವಿಚಾರ ನಿಮಗೆ ಬೇಡ."

ಅವನು ಹೊರಗೆ ಹೋಗಿ ಓಣಿಯ ಬಿಸಿಲಿನಲ್ಲಿ ಬೆನ್ನು ತಿರುಗಿಸಿ ನಿಂತ. ಮರಳಿ ಬಂದಾಗ ಪಬಿತ್ರಾ ಎರಡು ದವಡೆಯ ಚಿಲಕಗಳನ್ನು ಆರಿಸಿಟ್ಟಿದ್ದಳು. ಒಂದು ತಾನು ಕೂರುವ ಎಡಬಾಗಿಲಿಗೆ, ಒಂದು ಹಿಂಬಾಗಿಲಿಗೆ. ಡ್ರೈವರ್ ಬಾಗಿಲಿಗೆಂದು ಅಂಥದೇ ಇನ್ನೊಂದನ್ನು ಎತ್ತಲು ಹೋದಾಗ ಇಂದ್ರಮಾನ್ ತಡೆದ.

"ನನ್ನ ಬಾಗಿಲದು ನಾನು ನೋಡ್ಕೊಳ್ತೀನಿ."

"ಉಜ್ಜಿದ ಚಿಲಕ ಒಂದಿದ್ರೂ ನಾನು ಹತ್ತಲ್ಲ. ನಿಮ್ಮ ಬಾಗಿಲೂ ಸೇರಿ."

"ಶನಿವಾರ ಬಂದು ನೋಡಿ. ಆಗ ಹತ್ತಿ, ಇಲ್ಲಾಂದ್ರೆ ಬಿಡಿ," ಎಂದು ಅವನು ವೈಸು ಸಡಿಲಿಸಿ, ಅಪ್ಪನ ಚಿಲಕವನ್ನು ಮೇಣಬಟ್ಟೆಯಲ್ಲಿ ಸುತ್ತಿಕೊಂಡ.

ಶುಕ್ರವಾರ ಪೂರ್ತಿ ಅವನು ಗಾಡಿಯ ಬಳಿಯೇ ಇದ್ದ. ಎಡಬಾಗಿಲಿಗೂ ಹಿಂಬಾಗಿಲಿಗೂ ಗೂಟ ಕೂರಿಸಿ, ದವಡೆ ಹೊಂದಿಸಿ, ನೂರು ಸಲ ಮುಚ್ಚಿ ತೆರೆದು ನೋಡಿದ. ಸಂಜೆಗೆ ಉಳಿದದ್ದು ಅವನ ಬಾಗಿಲೊಂದೇ. ಅಪ್ಪನ ಚಿಲಕವನ್ನು ಮೊಣಕಾಲುಗಳ ನಡುವೆ ಒತ್ತಿಹಿಡಿದು, ಪೆಟ್ಟಿಗೆಯಿಂದ ಅರ ತೆಗೆದ. ಮೂವತ್ತೊಂದು ವರ್ಷ ಅವನ ಅಂಗೈಯಲ್ಲಿ ಸವೆದು ನುಣುಪಾದ ಮರದ ಹಿಡಿ. ನಾಲಿಗೆಯ ಅಂಚಿಗೆ ಅರವಿಟ್ಟು ಒಂದೇ ಒಂದು ಸಲ ಎಳೆದ. ಕಪ್ಪು ಕಬ್ಬಿಣದ ಮೇಲೆ ಬೆಳ್ಳಿಯಂಥ ಗೀರು ಮೂಡಿತು. ಇನ್ನು ಇಪ್ಪತ್ತು ಗೀರುಗಳಾದರೆ ಅದು ಮೊಣಕೈಯ ಮಾತು ಕೇಳುವ ಚಿಲಕವಾಗುತ್ತಿತ್ತು. ಅವನು ಹಿಡಿ ಎಳೆದು ನೋಡಿದ, ಸರ್ರನೆ ತೆರೆಯಿತು. ಬಿಟ್ಟ. ಮತ್ತೆ ಎಳೆದ. ತೆರೆಯಿತು. ಬೆಳಕು ಹೋಗುವವರೆಗೂ ಎಳೆಯುತ್ತ ಬಿಡುತ್ತ ಕುಳಿತಿದ್ದು, ಕೊನೆಗೆ ಅರವನ್ನು ಪೆಟ್ಟಿಗೆಗೆ ಹಾಕಿ, ಚಿಲಕವನ್ನು ಇದ್ದಂತೆಯೇ ಬಾಗಿಲಿಗೆ ಬಿಗಿದ.

ಶನಿವಾರ ಬೆಳಿಗ್ಗೆ ನೊರ್ಡೆನ್ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಡ್ರೈವರ್ ಬಾಗಿಲಿಗೆ ಒಳಗಿನಿಂದ ಮೊಣಕೈ ಕೊಟ್ಟ. ಬಾಗಿಲು ಬಿಡಲಿಲ್ಲ. ಇನ್ನೊಮ್ಮೆ ಕೊಟ್ಟು ಮೊಣಕೈ ಉಜ್ಜಿಕೊಂಡ.

"ಲೇ ಇಂದ್ರೇ, ಇದು ಬಿಡೋದೇ ಇಲ್ವಲ್ಲೋ."

"ಬಿಡುತ್ತೆ. ಕೈಯಲ್ಲಿ ಎಳೆದ್ರೆ."

"ತಿರುವಲ್ಲಿ ಕೈಗೆ ಪುರುಸೊತ್ತು ಎಲ್ಲಿರುತ್ತೋ?"

"ಇರಲ್ಲ," ಎಂದ ಇಂದ್ರಮಾನ್.

ಪಬಿತ್ರಾ ಬಾಗಿ ಆ ನಾಲಿಗೆಯ ಮೇಲಿನ ಒಂಟಿ ಗೀರನ್ನು ನೋಡಿದಳು. ಅವನ ಮುಖವನ್ನೂ ನೋಡಿದಳು. ಲಸಿಕೆ ಡಬ್ಬವನ್ನು ಸೀಟಿನ ಕೆಳಗೆ ಸೇರಿಸಿ, ಒಂದೇ ಕೈಯಲ್ಲಿ ಹಿಡಿದು ಹತ್ತಿ ಕೂತಳು. ಹಿಂದೆ ಕಾಯಾಕಟಾದ ಅಜ್ಜಿಯೊಬ್ಬಳು, ಎಲ್ಲರಿಗೂ ಬೋಜು, ಛುರ್ಪಿ ಎಂಬ ಒಣ ಗಿಣ್ಣಿನ ಗಟ್ಟಿ ತುಂಡನ್ನು ದವಡೆಗೆ ಒತ್ತಿಕೊಂಡು ಕೂತಿದ್ದಳು. ಅವಳೆದುರು ಇಬ್ಬರು ಗಾರೆ ಕೆಲಸದವರು.

"ಸಿಸ್ಟರ್ ಈ ಸಲ ಕೊನೇತನಕ ಗಾಡೀಲೇ ಬರ್ತೀಯೋ, ಹೋದ ಸಲದ ಹಾಗೆ ಅರ್ಧ ದಾರೀಲಿ ಇಳೀತೀಯೋ?" ಎಂದು ಬೋಜು ಕೇಳಿದಳು.

"ನೀನು ಮೊದಲು ಬಾಯಲ್ಲಿರೋದು ಅಗಿದು ಮುಗಿಸು ಬೋಜು. ಅದೇ ತುದೀಲಿರೋ ಸಂದಕ್ಫು ತನಕ ಬರುತ್ತೆ."

ಚಿತ್ರೆ ದಾಟಿತು, ತುಮ್ಲಿಂಗ್ ದಾಟಿತು. ಗೈರಿಬಾಸಿನಲ್ಲಿ ಚಹಾ ಕುಡಿದು ಹೊರಟಾಗ ಮಂಜು ಇಳಿಯತೊಡಗಿತ್ತು. ಮೇಲಿನ ಬಂಡೆದಾರಿಯಲ್ಲಿ ಹಿಂದಿನ ರಾತ್ರಿ ಕಟ್ಟಿದ ಹಿಮ ಇನ್ನೂ ಕರಗಿರಲಿಲ್ಲ.

ಕಟುಸ್ ಮರ ಕಾಣಿಸಿತು. ಬಲಕ್ಕೆ ಬೆಟ್ಟ, ಎಡಕ್ಕೆ ಏನೂ ಇಲ್ಲ. "ಬಾಗಿಲು" ಎಂದು ಕೂಗಲು ಇಂದ್ರಮಾನನ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಗಾಡಿ ಏದುಸಿರು ಬಿಡುತ್ತ ತಿರುವಿನ ಅರ್ಧಕ್ಕೆ ಏರಿತು. ಆಗ ಹಿಂಚಕ್ರದ ಕೆಳಗಿನ ಕಲ್ಲು ಉರುಳಿತು.

ಎಂಜಿನ್ ಕೆಮ್ಮಿ ನಿಂತಿತು. ಗಾಡಿ ಹಿಂದಕ್ಕೆ ಜಾರಿತು, ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗಲ್ಲ. ಬ್ರೇಕ್ ಒತ್ತಿದ್ದಂತೆಯೇ ಚಕ್ರಗಳು ಹಿಮದ ಮೇಲೆ ಜಾರುತ್ತ, ಹಿಂಭಾಗ ಓರೆಯಾಗಿ ಸರಿದು, ಎಡಗಡೆಯ ಚಕ್ರ ಅಂಚಿನ ಕಲ್ಲಿನ ಮೇಲೆ ಹತ್ತಿ ಇಳಿಯಿತು. ಇಡೀ ಗಾಡಿ ಎಡಕ್ಕೆ ವಾಲಿತು. ಪಬಿತ್ರಾಳ ಮೈಭಾರವೆಲ್ಲ, ಮುರಿದ ಎಲುಬಿನ ಸಮೇತ, ಧಡ್ಡನೆ ಬಾಗಿಲಿಗೆ ಬಿತ್ತು. ಕಿಟಕಿಯ ಕೆಳಗೆ ಮಂಜು ಮಾತ್ರವಿತ್ತು. ದವಡೆಗಳು ಗೂಟವನ್ನು ಬಿಡಲಿಲ್ಲ.

ಅದೇ ಕ್ಷಣದಲ್ಲಿ ಇಂದ್ರಮಾನನ ಬಲ ಮೊಣಕೈ ಅವನನ್ನು ಕೇಳದೆ ಬಾಗಿಲಿಗೆ ಅಪ್ಪಳಿಸಿತು. ಮೂವತ್ತೊಂದು ವರ್ಷ ಕಲಿಸಿದ ಪಾಠ. ಬಾಗಿಲು ಬಿಡಲಿಲ್ಲ. ನೋವು ಹೆಗಲಿನವರೆಗೂ ಏರಿತು.

ಗಾಡಿ ನಿಂತಿತ್ತು. ನಿಂತಿದ್ದು ಅವನ ಬಲಗಾಲಿನ ಮೇಲೆ.

ಬಾಗಿಲ ಹಿಡಿ ಒಂದು ಗೇಣು ದೂರದಲ್ಲಿತ್ತು. ಅದನ್ನು ಎಳೆದರೆ ತೆರೆಯುತ್ತದೆ. ನಿನ್ನೆ ಸಂಜೆ ನೂರು ಸಲ ತೆರೆದಿದೆ. ಆಚೆಗೆ ಗಟ್ಟಿ ಬೆಟ್ಟ, ಒಂದು ಹೆಜ್ಜೆ. ಅಷ್ಟು ಹತ್ತಿರವಿತ್ತು ಅದು ಎಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ. ಅವನು ಆ ಕೈಯನ್ನು ಸ್ಟಿಯರಿಂಗಿನ ಮೇಲೆ ತಂದಿಟ್ಟ.

"ಹಿಂಬಾಗಿಲು ತೆಗೀರಿ," ಎಂದ. "ಹಿಡಿ ಪೂರ್ತಿ ಎಳೀಬೇಕು. ಒಬ್ಬೊಬ್ಬರಾಗಿ ಇಳೀರಿ, ಬಲಕ್ಕೆ ಹಾರಿ. ಬೋಜು ಮೊದಲು. ಓಡಬೇಡಿ, ಕಲ್ಲು ಹುಡುಕಿ."

ಟಕ್ಕೆಂದು ಹಿಂಬಾಗಿಲು ತೆರೆಯಿತು. ಪ್ರತಿಯೊಬ್ಬರೂ ಇಳಿದಾಗ ಗಾಡಿ ತುಸು ಹಗುರಾಗಿ ಅಲುಗುತ್ತಿತ್ತು. ಪ್ರತಿ ಅಲುಗಾಟಕ್ಕೂ ಅವನು ಬ್ರೇಕನ್ನು ಇನ್ನಷ್ಟು ಒತ್ತುತ್ತಿದ್ದ.

"ಬಹಿನಿ, ಸೀಟಿನ ಮೇಲಿಂದ ಹಿಂದಕ್ಕೆ ದಾಟಿ."

"ನೀವು?"

"ನೀವು ದಾಟಿ."

ಆಕೆ ಲಸಿಕೆ ಡಬ್ಬವನ್ನು ಮೊದಲು ಹಿಂದಕ್ಕೆ ತಳ್ಳಿ, ಹಲ್ಲು ಕಚ್ಚಿ, ಒಂದು ಕೈಯಿಂದ ತನ್ನನ್ನು ತಾನೇ ಎಳೆದುಕೊಂಡು ದಾಟಿದಳು. ಈಗ ಗಾಡಿಯಲ್ಲಿ ಅವನೊಬ್ಬನೇ. ಇದೇ ಹೊತ್ತಿನಲ್ಲಿ, ಕೊನೆಯವರು ಇಳಿದ ಮೇಲೆ, ಅಂದು ಅಂಚು ಕುಸಿದಿತ್ತು. ಅವನು ಕಿವಿಯಾಗಿ ಕುಳಿತ. ಹಿಂದಿನಿಂದ ಕಲ್ಲು ಉರುಳುವ ಸದ್ದು ಕೇಳಿಸಿತು. ಕಣ್ಣು ಮುಚ್ಚಿದ.

"ಬಲ ಚಕ್ರಕ್ಕೆ ಕೊಟ್ಟಾಯ್ತು," ಎಂದು ಪಬಿತ್ರಾಳ ದನಿ ಬಂತು. "ಎಡಕ್ಕೆ ಇನ್ನೊಂದು. ದೊಡ್ಡದು ತನ್ನಿ, ಅದಲ್ಲ, ಆ ಚಪ್ಪಟೆಯದು. ದಾಜು, ಕಾಲು ತೆಗೀಬೇಡಿ."

"ತೆಗೆಯಲ್ಲ."

"ಮಾತಾಡ್ತಾ ಇರಿ."

"ಏನು ಮಾತಾಡ್ಲಿ?"

"ಏನಾದ್ರೂ. ನನಗೆ ಬೈಯಿರಿ."

"ಸಿಲಿಗುರೀಲಿ ನೀವು ಆರಿಸಿದ್ದು ಒಳ್ಳೇ ಚಿಲಕ," ಎಂದ ಅವನು.

ಒಂದು ಕಲ್ಲು, ಇನ್ನೊಂದು, ಮತ್ತೊಂದು. ಗಾರೆಯವರಲ್ಲಿ ಒಬ್ಬ, ಗೋಡೆ ಕಟ್ಟುವ ಕೈ ಅವನದು, ಚಕ್ರದ ಹಿಂದೆ ಮೊಣಕಾಲೆತ್ತರ ಕಟ್ಟಿ ನಿಲ್ಲಿಸಿದ ಮೇಲೆ "ಈಗ ಬಿಡಿ" ಎಂದ. ಇಂದ್ರಮಾನ್ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದ. ಗಾಡಿ ಕಲ್ಲಿಗೆ ಒರಗಿ ನಿಂತಿತು.

ಆಗಲೇ ಅವನು ಬಾಗಿಲ ಹಿಡಿಯನ್ನು ಎಳೆದದ್ದು. ಸರ್ರನೆ ತೆರೆಯಿತು. ಇಳಿದು ನಿಲ್ಲಲು ಹೋದಾಗ ಬಲಗಾಲು ಮಾತು ಕೇಳದೆ, ಅವನು ಬೆಟ್ಟಕ್ಕೆ ಕೈಯಾನಿಸಿ ಕುಸಿದು ಕುಳಿತ. ಬೋಜು ತನ್ನ ಬಾಯಿಂದ ಛುರ್ಪಿ ತೆಗೆದು ಸೆರಗಿಗೆ ಕಟ್ಟಿ, ಸೊಂಟದಿಂದ ಹೊಸ ತುಂಡೊಂದನ್ನು ಬಿಚ್ಚಿ ಅವನಿಗೆ ಕೊಟ್ಟಳು.

"ಕಚ್ಚು," ಎಂದಳು. "ಹಲ್ಲು ಕಟಕಟ ಅನ್ನೋದು ನಿಲ್ಲುತ್ತೆ."

ಅವನು ಕಚ್ಚಿದ. ತೆರೆದ ಬಾಗಿಲಿನ ಅಂಚಿನಲ್ಲಿ ಅಪ್ಪನ ಚಿಲಕದ ಚೌಕ ನಾಲಿಗೆ, ಅದರ ಮೇಲೆ ತನ್ನ ಒಂದೇ ಗೀರು, ಕಣ್ಣೆತ್ತರದಲ್ಲಿ ಕಾಣುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಮುಚ್ಚಿದ.

ಕಲ್ಲು ಜೋಡಿಸಿ, ಹಗ್ಗ ಹಾಕಿ, ಗಾಡಿಯನ್ನು ಮರಳಿ ದಾರಿಗೆ ತರಲು ಒಂದು ಗಂಟೆ ಹಿಡಿಯಿತು. ಉಳಿದ ತಿರುವನ್ನು ಬೋಜುವೂ ಗಾರೆಯವರೂ ನಡೆದೇ ಹತ್ತುತ್ತೇವೆಂದರು. ಪಬಿತ್ರಾ ಮಾತ್ರ ಡಬ್ಬ ಹಿಡಿದು ಬಂದು, ಎಡಬಾಗಿಲು ತೆರೆದು, ತನ್ನ ಜಾಗದಲ್ಲಿ ಕೂತು ಬಾಗಿಲೆಳೆದುಕೊಂಡಳು.

ಇಂದ್ರಮಾನ್ ಎಂಜಿನ್ ಚಾಲೂ ಮಾಡಲಿಲ್ಲ. ತಲೆ ವಾಲಿಸಿ ಕಾದ.

"ಒಂದೇ ಟಕ್ ಕೇಳಿಸ್ತು ಬಹಿನಿ," ಎಂದ. "ಇನ್ನೊಮ್ಮೆ ಎಳೀರಿ."